ರೆಫರಲ್ ಪತ್ರ ಬರೆಯುವ ಬಗೆ: ವೈದ್ಯರಿಗೂ ದಂತವೈದ್ಯರಿಗೂ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದಾಗ ನಾನು ರೆಫರಲ್ ಪತ್ರಗಳನ್ನು ಓದುವ ಕಡೆ ಕೂತಿದ್ದೆ. ಈಗ ಮಂಡ್ಯದಲ್ಲಿ ಕ್ಲಿನಿಕ್ ಇಟ್ಟುಕೊಂಡು ಅವುಗಳನ್ನು ಬರೆಯುವ ಕಡೆ ಕೂತಿದ್ದೇನೆ. ಎರಡೂ ಕಡೆ ಕೂತವನಾಗಿ ಹೇಳುವುದಾದರೆ, ನಮ್ಮಲ್ಲಿ ರೋಗಿಯ ಕೈಗೆ ಬರುವ ಪತ್ರಗಳಲ್ಲಿ ಬಹುಪಾಲು ಬಸ್ ಟಿಕೆಟ್ಟಿಗಿಂತ ಹೆಚ್ಚಿನ ಕೆಲಸ ಮಾಡುವುದಿಲ್ಲ. "ಈ ರೋಗಿಯನ್ನು ತಮ್ಮಲ್ಲಿಗೆ ಕಳುಹಿಸಿದ್ದೇನೆ, ದಯವಿಟ್ಟು ಪರೀಕ್ಷಿಸಿ ಮುಂದಿನ ಚಿಕಿತ್ಸೆ ನೀಡಿ" ಎಂಬ ಒಂದು ಸಾಲು, ಅದರ ಕೆಳಗೊಂದು ಸಹಿ, ಸಹಿಯ ಮೇಲೆ ಅರ್ಧ ಮೂಡಿದ ಸೀಲು, ಅಲ್ಲಿಗೆ ಮುಗಿಯಿತು.

ಅಂಥದ್ದೊಂದು ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡು ಮಳವಳ್ಳಿ ಕಡೆಯ ಹೆಂಗಸೊಬ್ಬರು ಬಂದಿದ್ದರು. ಕೆನ್ನೆ ಊದಿಕೊಂಡಿತ್ತು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಯಾವ ಇಂಜೆಕ್ಷನ್ ಕೊಟ್ಟಿದ್ದರು, ಎಷ್ಟು ದಿನ ಕೊಟ್ಟಿದ್ದರು, ಎಕ್ಸ್-ರೇ ತೆಗೆದಿದ್ದರೇ ಎಂದು ಕೇಳಿದರೆ, "ಅಲ್ಲಿ ಎಲ್ಲಾ ನೋಡವ್ರೆ ಸಾ, ಚೀಟೀಲಿ ಬರ್ದಿಲ್ವಾ?" ಎಂದು ನನ್ನನ್ನೇ ಕೇಳಿದರು. ಬರೆದಿರಲಿಲ್ಲ. ರಕ್ತಪರೀಕ್ಷೆ, ಎಕ್ಸ್-ರೇ ಎಲ್ಲವೂ ಮತ್ತೆ ಆಯಿತು. ಮಾರನೆಯ ದಿನ ಅವರ ಮಗ ಊರಿನಿಂದ ಹಳೆಯ ಎಕ್ಸ್-ರೇಯನ್ನು ತಂದುಕೊಟ್ಟಾಗ, ನಾವು ತೆಗೆಸಿದ್ದೂ ಅದೂ ಒಂದೇ ಆಗಿತ್ತು. ಆ ಒಂದು ದಿನಕ್ಕೆ ಯಾರೂ ಲೆಕ್ಕ ಕೊಡಬೇಕಾಗಿರಲಿಲ್ಲ.

ಒಳ್ಳೆಯ ರೆಫರಲ್ ಪತ್ರ ಎಂದರೆ ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಕೇಳುವ ಸ್ಪಷ್ಟವಾದ ಒಂದು ಪ್ರಶ್ನೆ, ಮತ್ತು ಆ ಪ್ರಶ್ನೆಗೆ ಉತ್ತರ ಹೇಳಲು ಬೇಕಾಗುವಷ್ಟು ವಿವರ. ಮುಂದೆ ಹೇಳುವ ಹಂತಗಳೆಲ್ಲ ಇದನ್ನು ಅನುಸರಿಸಿಯೇ ಬರುತ್ತವೆ.

ಪೆನ್ನು ತೆಗೆಯುವ ಮೊದಲು

ಏಕೆ ಕಳುಹಿಸುತ್ತಿದ್ದೇನೆ ಎಂಬುದನ್ನು ಮೊದಲು ನಿಮ್ಮಷ್ಟಕ್ಕೆ ನೀವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ರೋಗ ಯಾವುದೆಂದು ತಿಳಿಯದೆ ಅಭಿಪ್ರಾಯ ಕೇಳುತ್ತಿದ್ದೀರಾ? ರೋಗ ಗೊತ್ತಿದ್ದು, ನಿಮ್ಮಲ್ಲಿಲ್ಲದ ಸೌಲಭ್ಯಕ್ಕಾಗಿ ಕಳುಹಿಸುತ್ತಿದ್ದೀರಾ? ಚಿಕಿತ್ಸೆಯನ್ನು ನೀವೇ ಮಾಡುವಿರಿ, ಆದರೆ ಅದಕ್ಕೆ ಮೊದಲು ಹೃದಯದ ಅಥವಾ ಮೂತ್ರಪಿಂಡದ ವೈದ್ಯರ ಸಲಹೆ ಬೇಕೇ? ಅಥವಾ ರೋಗಿಯ ಪೂರ್ತಿ ಹೊಣೆಯನ್ನೇ ಅವರಿಗೆ ಒಪ್ಪಿಸುತ್ತಿದ್ದೀರಾ? ಈ ನಾಲ್ಕು ಬಗೆಯ ಪತ್ರಗಳೂ ಬೇರೆ ಬೇರೆಯಾಗಿಯೇ ಇರುತ್ತವೆ. ಆ ಒಂದು ವಾಕ್ಯ ಹೊಳೆಯದಿದ್ದರೆ ಪತ್ರ ಬರೆಯುವ ಹೊತ್ತು ಇನ್ನೂ ಬಂದಿಲ್ಲವೆಂದೇ ಅರ್ಥ. ರೋಗಿಯನ್ನು ಇನ್ನೊಮ್ಮೆ ಕೂರಿಸಿ ಪರೀಕ್ಷಿಸಿ.

ಎರಡನೆಯ ಪ್ರಶ್ನೆ, ಯಾವ ಬಾಗಿಲಿಗೆ ಎಂಬುದು. "ಮೈಸೂರಿಗೆ ಹೋಗಿ" ಎಂದರೆ ಹಳ್ಳಿಯವರು ಸಾಮಾನ್ಯವಾಗಿ ದೊಡ್ಡಾಸ್ಪತ್ರೆಗೆ, ಅಂದರೆ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ಬಸುರಿ, ಬಾಣಂತಿ ಮತ್ತು ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ ಇದೆ, ಹೃದಯಕ್ಕೆ ಜಯದೇವ ಸಂಸ್ಥೆ ಇದೆ, ಸೀಳುತುಟಿ ಅಥವಾ ಸೀಳಂಗಳದ ಮಗುವಿನ ಮಾತು ಮತ್ತು ಶ್ರವಣದ ತೊಂದರೆಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಂಡ್ಯದಲ್ಲಿಯೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮಿಮ್ಸ್, ಇರುವಾಗ 45 ಕಿಲೋಮೀಟರ್ ದೂರದ ಮೈಸೂರಿಗೆ ಕಳುಹಿಸುವ ಅಗತ್ಯ ಎಷ್ಟೋ ಸಲ ಇರುವುದಿಲ್ಲ. ಸಂಸ್ಥೆಯ ಹೆಸರಷ್ಟೇ ಸಾಲದು, ವಿಭಾಗದ ಹೆಸರನ್ನೂ ಬರೆಯಿರಿ. ಕೆಲವು ವಿಶೇಷ ಕ್ಲಿನಿಕ್‌ಗಳು ವಾರದ ನಿಗದಿತ ದಿನಗಳಲ್ಲಿ ಮಾತ್ರ ನಡೆಯುವುದರಿಂದ ಒಂದು ಫೋನ್ ಮಾಡಿ ದಿನ ಕೇಳಿಕೊಳ್ಳಿ. ಒಂದು ದಿನದ ಕೂಲಿ ಬಿಟ್ಟು ಬಂದವರು ಬಾಗಿಲಲ್ಲೇ ವಾಪಸಾದರೆ ಎರಡನೆಯ ಸಲ ಬರುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಹಣದ ದಾರಿಯೂ ಇಲ್ಲೇ ನಿರ್ಧಾರವಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಆದರೆ ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯಡಿ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ಖಾಸಗಿ ಕ್ಲಿನಿಕ್ಕಿನವರು ನೇರವಾಗಿ ಇನ್ನೊಂದು ಖಾಸಗಿ ಆಸ್ಪತ್ರೆಗೆ ಬರೆದುಕೊಟ್ಟ ಪತ್ರ ಎಷ್ಟೇ ಚೆನ್ನಾಗಿದ್ದರೂ ಆ ಕೆಲಸಕ್ಕೆ ಬರುವುದಿಲ್ಲ. ಬಡ ರೋಗಿಯಾಗಿದ್ದರೆ ಮೊದಲ ಪತ್ರವನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಬರೆದು, ಪಡಿತರ ಚೀಟಿ ಮತ್ತು ಆಧಾರ್ ಜೊತೆಗೆ ಒಯ್ಯಲು ಹೇಳುವುದು ವಿವೇಕ.

ಮೊದಲ ಮೂರು ಸಾಲು

ಹೊರರೋಗಿ ವಿಭಾಗದಲ್ಲಿ ಬಾಗಿಲ ಬಳಿ ಜನ ಒತ್ತಿಕೊಂಡು ನಿಂತಿರುವಾಗ ಓದುವವರಿಗೆ ಸಿಗುವುದು ಒಂದೆರಡು ನಿಮಿಷ. ಆದ್ದರಿಂದ ರೋಗಿ ಯಾರು, ತೊಂದರೆ ಏನು, ನಿಮಗೆ ಬೇಕಾದದ್ದೇನು, ಎಷ್ಟು ಬೇಗ ಬೇಕು ಎಂಬ ನಾಲ್ಕೂ ವಿಷಯಗಳು ಮೊದಲ ಮೂರು ಸಾಲಿನೊಳಗೆ ಬಂದುಬಿಡಬೇಕು. ಉದಾಹರಣೆಗೆ:

"58 ವರ್ಷದ ಮಹಿಳೆ. ಎಡಗೆನ್ನೆಯ ಒಳಭಾಗದಲ್ಲಿ 5 ವಾರಗಳಿಂದ ವಾಸಿಯಾಗದ ಹುಣ್ಣು, ಕ್ಯಾನ್ಸರ್ ಇರಬಹುದೆಂಬ ಶಂಕೆ. ಬಯಾಪ್ಸಿ ಮತ್ತು ಮುಂದಿನ ಯೋಜನೆಗಾಗಿ ಇದೇ ವಾರದೊಳಗೆ ನೋಡಬೇಕೆಂದು ಕೋರುತ್ತೇನೆ."

"ಅರ್ಜೆಂಟ್" ಎಂಬ ಪದವನ್ನು ನಾನು ಬಳಸುವುದನ್ನೇ ಬಿಟ್ಟಿದ್ದೇನೆ. ಎಲ್ಲರೂ ಎಲ್ಲದಕ್ಕೂ ಬರೆದು ಬರೆದು ಅದರ ಹರಿತ ಹೋಗಿದೆ. "ಇವತ್ತೇ", "ಈ ವಾರದೊಳಗೆ", "ಒಂದು ತಿಂಗಳೊಳಗೆ ಸಾಕು" ಎಂದು ಕಾಲವನ್ನೇ ಬರೆದರೆ ಓದುವವರಿಗೆ ಅದು ಆಧಾರವಾಗುತ್ತದೆ. ಒಂದು ತಿಂಗಳು ಸಾಕೆಂದು ನೀವು ಪ್ರಾಮಾಣಿಕವಾಗಿ ಬರೆದ ನಾಲ್ಕು ಪತ್ರಗಳನ್ನು ನೋಡಿದವರು, "ಇವತ್ತೇ" ಎಂದು ಬರೆದ ಐದನೆಯದನ್ನು ನಂಬುತ್ತಾರೆ.

ರೋಗಿಯ ಗುರುತಿನ ವಿಷಯದಲ್ಲಿ ನಮ್ಮ ಸೀಮೆಗೇ ವಿಶೇಷವಾದ ಒಂದು ತೊಡಕಿದೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಇರುವುದು ಅಪರೂಪವೇನಲ್ಲ. ಹೆಸರಿನ ಜೊತೆ ಬಿನ್ ಅಥವಾ ಕೋಂ ಎಂದು ತಂದೆಯ ಇಲ್ಲವೇ ಗಂಡನ ಹೆಸರು, ವಯಸ್ಸು, ಊರು, ತಾಲ್ಲೂಕು ಮತ್ತು ನಿಜವಾಗಿಯೂ ಕರೆ ಸ್ವೀಕರಿಸುವ ಒಬ್ಬರ ಮೊಬೈಲ್ ಸಂಖ್ಯೆ ಇರಲಿ. 14 ಅಂಕಿಯ ಆಭಾ ಸಂಖ್ಯೆ, ಅಂದರೆ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ, ಇದ್ದರೆ ಅದನ್ನೂ ಬರೆಯಬಹುದು. ನಿಮ್ಮ ಹೆಸರು, ನೋಂದಣಿ ಸಂಖ್ಯೆ, ಫೋನು ಮತ್ತು ಪತ್ರದ ದಿನಾಂಕ ಇರಬೇಕೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಆದರೂ ದಿನಾಂಕವಿಲ್ಲದ ಪತ್ರಗಳನ್ನು ನಾನು ರಾಶಿ ರಾಶಿ ನೋಡಿದ್ದೇನೆ.

ಹಿನ್ನೆಲೆಯಲ್ಲಿ ಬರೆಯಬೇಕಾದದ್ದು

ಹಿನ್ನೆಲೆಯನ್ನು ಕಥೆಯಂತೆ ಬರೆಯಬೇಡಿ, ನೀವು ಕೇಳಿದ ಪ್ರಶ್ನೆಗೆ ಸಂಬಂಧಪಟ್ಟಷ್ಟನ್ನು ಬರೆಯಿರಿ. ತೊಂದರೆ ಯಾವಾಗ ಶುರುವಾಯಿತು, ಹೇಗೆ ಬೆಳೆಯಿತು, ನೀವು ಏನು ನೋಡಿದಿರಿ, ಏನು ಮಾಡಿದಿರಿ, ಅದರಿಂದ ಏನಾಯಿತು. ಕೊನೆಯ ಎರಡು ವಿಷಯಗಳನ್ನು ಮುಚ್ಚಿಡುವ ಚಾಳಿ ನಮ್ಮಲ್ಲಿದೆ. ಹಲ್ಲು ಕೀಳುವಾಗ ಬೇರು ಮುರಿದು ಉಳಿಯಿತೆಂದರೆ, ರೂಟ್ ಕೆನಾಲ್ ಮಾಡುವಾಗ ಫೈಲ್ ಎಂಬ ಸಣ್ಣ ಉಪಕರಣ ತುಂಡಾಗಿ ಒಳಗೇ ನಿಂತಿತೆಂದರೆ, ಅದನ್ನು ಹಾಗೆಯೇ ಬರೆಯಬೇಕು. ಓದುವವರಿಗೆ ಎಕ್ಸ್-ರೇಯಲ್ಲಿ ಅದು ಹೇಗೂ ಕಾಣುತ್ತದೆ. ನೀವು ಬರೆದಿದ್ದರೆ ತಪ್ಪನ್ನು ಒಪ್ಪಿಕೊಂಡ ಸಹೋದ್ಯೋಗಿಯಾಗಿ ಕಾಣುತ್ತೀರಿ, ಬರೆಯದಿದ್ದರೆ ರೋಗಿಯ ಎದುರಿಗೆ ನಿಮ್ಮ ಬಗ್ಗೆ ಬರುವ ಮಾತು ಬೇರೆಯಾಗಿರುತ್ತದೆ.

ಔಷಧಿಗಳ ಪಟ್ಟಿ ಪತ್ರದ ಜೀವಾಳ. "ಬಿಪಿ ಮಾತ್ರೆ ತಗೊಳ್ತಾರೆ" ಎಂಬುದು ವಿವರವಲ್ಲ. ರೋಗಿಯ ಬಳಿ ಮಾತ್ರೆಯ ಹಾಳೆ ಇದ್ದರೆ ಕೈಗೆ ತೆಗೆದುಕೊಂಡು ಮೂಲ ಔಷಧಿಯ ಹೆಸರು, ಪ್ರಮಾಣ, ದಿನಕ್ಕೆ ಎಷ್ಟು ಸಲ ಎಂಬುದನ್ನು ನೋಡಿ ಬರೆಯಿರಿ. ಮೆಡಿಕಲ್ ಸ್ಟೋರಿನವರು ಕತ್ತರಿಸಿಕೊಟ್ಟ ತುಂಡಿನಲ್ಲಿ ಹೆಸರಿಲ್ಲದಿದ್ದರೆ ಮನೆಯಿಂದ ಫೋಟೊ ತರಿಸಿಕೊಳ್ಳಿ. ದಂತವೈದ್ಯರು ವಿಶೇಷವಾಗಿ ಕೇಳಬೇಕಾದವು ಕೆಲವಿವೆ: ರಕ್ತ ತೆಳುವಾಗಿಸುವ ಮಾತ್ರೆಗಳು, ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಕೊಡುವ ಅಲೆಂಡ್ರೊನೇಟ್, ಜೋಲೆಡ್ರೊನಿಕ್ ಆಸಿಡ್‌ನಂಥ ಔಷಧಿಗಳು, ಒಸಡು ಬೆಳೆಯುವಂತೆ ಮಾಡಬಲ್ಲ ಫೆನಿಟಾಯಿನ್ ಮತ್ತು ಆಮ್ಲೋಡಿಪಿನ್, ಹಾಗೆಯೇ ಯಾರೂ ತಾವಾಗಿ ಹೇಳದ ಸ್ಟೆರಾಯ್ಡ್ ಮತ್ತು ನಾಟಿ ಔಷಧ. ಅಲರ್ಜಿ ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡದೆ "ಗೊತ್ತಿರುವಂತೆ ಯಾವ ಔಷಧಿಗೂ ಅಲರ್ಜಿ ಇಲ್ಲ" ಎಂದು ಬರೆಯಿರಿ. ಖಾಲಿ ಜಾಗವನ್ನು ನೋಡಿದವರಿಗೆ ಅಲರ್ಜಿ ಇಲ್ಲವೋ, ನೀವು ಕೇಳಿಲ್ಲವೋ ತಿಳಿಯುವುದಿಲ್ಲ.

ಬೇಡವಾದದ್ದನ್ನು ಬಿಡುವುದಕ್ಕೂ ಧೈರ್ಯ ಬೇಕು. ಬುದ್ಧಿಹಲ್ಲಿನ ಪತ್ರದಲ್ಲಿ 20 ವರ್ಷದ ಹಿಂದಿನ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಜಾಗವಿಲ್ಲ. ಆದರೆ ಆಗ ಅರಿವಳಿಕೆಯಿಂದ ತೊಂದರೆಯಾಗಿತ್ತು ಎಂದಿದ್ದರೆ ಅದು ಮೊದಲು ಬರಬೇಕಾದ ಸಂಗತಿ.

ಹಲ್ಲಿನ ಸಂಖ್ಯೆ ಮತ್ತು ಎಕ್ಸ್-ರೇ

ನಮ್ಮಲ್ಲಿ ಬಳಕೆಯಲ್ಲಿರುವುದು ಎಫ್‌ಡಿಐ ಎಂಬ ಎರಡಂಕಿಯ ಪದ್ಧತಿ. ಅದರಲ್ಲಿ 16 ಎಂದರೆ ಮೇಲಿನ ಬಲಗಡೆಯ ಮೊದಲ ದೊಡ್ಡ ದವಡೆಹಲ್ಲು. ಅಮೆರಿಕದಲ್ಲಿ ನಡೆಯುವ 1ರಿಂದ 32ರವರೆಗಿನ ಎಣಿಕೆಯಲ್ಲಿ 16 ಎಂದರೆ ಮೇಲಿನ ಎಡಗಡೆಯ ಬುದ್ಧಿಹಲ್ಲು. ಬರೆದವರ ಮನಸ್ಸಿನಲ್ಲಿ ಒಂದಿದ್ದು ಓದಿದವರ ಮನಸ್ಸಿನಲ್ಲಿ ಇನ್ನೊಂದಿದ್ದರೆ, ಆಗುವ ಅನಾಹುತವನ್ನು ಮತ್ತೆ ಸರಿಪಡಿಸಲಾಗದು. ಆದ್ದರಿಂದ ಅಂಕಿ ಬರೆದ ಮೇಲೆ ಮಾತಿನಲ್ಲಿಯೂ ಬರೆಯಿರಿ: "46, ಕೆಳದವಡೆ, ಬಲಗಡೆ, ಮೊದಲ ದೊಡ್ಡ ದವಡೆಹಲ್ಲು." ಬಲ ಎಂದರೆ ರೋಗಿಯ ಬಲ. ಮಕ್ಕಳಲ್ಲಿ ಹಾಲುಹಲ್ಲಿನ ಸಂಖ್ಯೆ 51ರಿಂದ 85ರ ನಡುವೆ ಬರುವುದರಿಂದ, ಹಾಲುಹಲ್ಲೋ ಶಾಶ್ವತ ಹಲ್ಲೋ ಎಂಬುದನ್ನು ಹೆಚ್ಚುವರಿಯಾಗಿ ತಿಳಿಸುವುದು ಒಳ್ಳೆಯದು. ಹಲ್ಲಿನ ಸಾಲು ನೇರಮಾಡುವ ಚಿಕಿತ್ಸೆಗಾಗಿ ಹಲ್ಲು ಕೀಳಿಸಲು ಕಳುಹಿಸುವ ಪತ್ರಗಳಲ್ಲಿ ಈ ಎಚ್ಚರ ಎರಡು ಪಾಲು ಬೇಕು, ಏಕೆಂದರೆ ಅಲ್ಲಿ ಕೀಳಬೇಕಾದ ಹಲ್ಲು ಹುಳುಕಿಲ್ಲದೆ ಪಕ್ಕದ ಹಲ್ಲಿನಂತೆಯೇ ಕಾಣುತ್ತಿರುತ್ತದೆ.

ಚಿಕ್ಕ ಎಕ್ಸ್-ರೇ ಫಿಲ್ಮನ್ನು ಪತ್ರಕ್ಕೆ ಸ್ಟೇಪಲ್ ಹೊಡೆದರೆ ಬೇಕಾದ ಜಾಗಕ್ಕೇ ತೂತು ಬೀಳುತ್ತದೆ. ಅದನ್ನು ಒಂದು ಸಣ್ಣ ಕವರಿನಲ್ಲಿಟ್ಟು ಮೇಲೆ ಹೆಸರು, ದಿನಾಂಕ, ಹಲ್ಲಿನ ಸಂಖ್ಯೆ ಬರೆಯಿರಿ. ಸಿಡಿಯಲ್ಲಿ ಕೊಟ್ಟ ಸ್ಕ್ಯಾನು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತೆರೆಯದಿರಬಹುದಾದ್ದರಿಂದ ಮುದ್ರಿತ ವರದಿ ಜೊತೆಗಿರಲಿ. ಇಸಿಜಿ ಕಾಗದದ ಅಕ್ಷರ ಬಿಸಿಲಿಗೆ ಮಾಸಿಹೋಗುತ್ತದೆ, ಅದರದೊಂದು ಜೆರಾಕ್ಸ್ ಇಡಿ.

ಒಂದು ಪತ್ರ, ಎರಡು ಸಲ ಬರೆದದ್ದು

ಹೃದಯದ ಕವಾಟ ಬದಲಾಯಿಸಿಕೊಂಡು ಅಸಿನೊಕೌಮರಾಲ್ ಎಂಬ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವ 49 ವರ್ಷದ ರೈತರೊಬ್ಬರ ಹಲ್ಲು ಕೀಳಬೇಕಿತ್ತು. ವೃತ್ತಿಯ ಆರಂಭದ ವರ್ಷಗಳಲ್ಲಿ ನಾನು ಇಂಥವರಿಗೆ ಬರೆಯುತ್ತಿದ್ದ ಪತ್ರ ಹೀಗಿತ್ತು:

"ಹಲ್ಲು ಕೀಳಬೇಕಾಗಿದೆ. ದಯವಿಟ್ಟು ಫಿಟ್‌ನೆಸ್ ಕೊಡಿ."

ಉತ್ತರವೂ ಅದಕ್ಕೆ ತಕ್ಕಂತೆ "ಫಿಟ್" ಎಂದಷ್ಟೇ ಬರುತ್ತಿತ್ತು, ಅಥವಾ "5 ದಿನ ಮಾತ್ರೆ ನಿಲ್ಲಿಸಿ" ಎಂದು. ಹೃದಯತಜ್ಞರಿಗೆ ನಾನು ಒಂದು ಹಲ್ಲು ಕೀಳುತ್ತೇನೋ ಹತ್ತು ಕೀಳುತ್ತೇನೋ, ಪೂರ್ತಿ ಅರಿವಳಿಕೆ ಕೊಡುತ್ತೇನೋ ಇಲ್ಲವೋ ತಿಳಿಯುತ್ತಿರಲಿಲ್ಲವಾದ್ದರಿಂದ, ರಕ್ತಸ್ರಾವದ ಭಯಕ್ಕೆ ಅವರು ಮಾತ್ರೆ ನಿಲ್ಲಿಸಲು ಬರೆದದ್ದರಲ್ಲಿ ತಪ್ಪಿರಲಿಲ್ಲ. ಆದರೆ ಲೋಹದ ಕವಾಟ ಇರುವವರಲ್ಲಿ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಬಹುದು. ಒಂದು ಹಲ್ಲಿನ ಗುಳಿಯ ರಕ್ತವನ್ನು ಹೊಲಿಗೆ ಹಾಕಿ, ಒತ್ತಿ ನಿಲ್ಲಿಸಬಹುದು. ಎರಡು ಅಪಾಯಗಳ ತೂಕ ಒಂದೇ ಅಲ್ಲ. ಈಗ ನಾನು ಬರೆಯುವ ಪತ್ರ ಹೀಗಿರುತ್ತದೆ (ಅದರಲ್ಲಿ ಬರುವ ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಅಳತೆ):

"ಮಾನ್ಯ ಡಾಕ್ಟರೇ, 49 ವರ್ಷದ ಈ ರೋಗಿಗೆ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟವಿದ್ದು, ಪ್ರತಿದಿನ ಅಸಿನೊಕೌಮರಾಲ್ 2 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. 46 (ಕೆಳದವಡೆ, ಬಲಗಡೆ, ಮೊದಲ ದೊಡ್ಡ ದವಡೆಹಲ್ಲು) ಉಳಿಸಲಾಗದಷ್ಟು ಹಾಳಾಗಿ ಕೀವಾಗಿದೆ. ಈ ಒಂದು ಹಲ್ಲನ್ನು, ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ (2 ಪ್ರತಿಶತ ಲಿಗ್ನೊಕೇನ್, 1:80,000 ಅಡ್ರಿನಲಿನ್) ಕೊಟ್ಟು, ಬೆಳಗಿನ ಹೊತ್ತು ಕೀಳಿ ಹೊಲಿಗೆ ಹಾಕಬೇಕೆಂದಿದ್ದೇನೆ. ಮಾತ್ರೆ ನಿಲ್ಲಿಸದೆ, ಹಿಂದಿನ ದಿನದ ಐಎನ್‌ಆರ್ 3.5 ಮೀರಿಲ್ಲದಿದ್ದರೆ ಮುಂದುವರಿಯುವುದು ನನ್ನ ಯೋಜನೆ. ಪೆನಿಸಿಲಿನ್ ಅಲರ್ಜಿ ಇಲ್ಲ. ಕೀಳುವುದಕ್ಕೆ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಕೊಡುತ್ತೇನೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ನನ್ನ ಪ್ರಶ್ನೆಗಳು ಎರಡು: ಈ ಯೋಜನೆಗೆ ತಮ್ಮ ಒಪ್ಪಿಗೆ ಇದೆಯೇ? ಹೃದಯದ ಈಗಿನ ಸ್ಥಿತಿಯನ್ನು ನೋಡಿ, ಇದನ್ನು ಕ್ಲಿನಿಕ್ಕಿನ ಬದಲು ಆಸ್ಪತ್ರೆಯಲ್ಲಿ ಮಾಡುವುದು ಒಳ್ಳೆಯದೆಂದು ತಮಗೆ ತೋರುತ್ತದೆಯೇ?"

ಈ ಪತ್ರಕ್ಕೆ "ಫಿಟ್" ಎಂದು ಉತ್ತರ ಬರಲು ಸಾಧ್ಯವೇ ಇಲ್ಲ. ಯೋಜನೆಯನ್ನು ಮುಂದಿಟ್ಟು ಒಪ್ಪಿಗೆ ಕೇಳಿದಾಗ ಓದುವವರ ಕೆಲಸ ಹಗುರಾಗುತ್ತದೆ, ತಿದ್ದಬೇಕಾದದ್ದು ಎಲ್ಲಿ ಎಂದು ಅವರಿಗೆ ಕೂಡಲೇ ಕಾಣುತ್ತದೆ. ಸ್ಟೆಂಟ್ ಹಾಕಿಸಿಕೊಂಡವರ ಪತ್ರದಲ್ಲಿ ಸ್ಟೆಂಟ್ ಹಾಕಿದ ತಿಂಗಳು ಮತ್ತು ವರ್ಷವನ್ನು ತಪ್ಪದೆ ಬರೆಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್‌ಗಳನ್ನು ರೋಗಿಯೇ ಭಯದಿಂದ ಎರಡು ದಿನ ಮೊದಲು ಬಿಟ್ಟು ಬರುವುದೂ ಇದೆ, ಅದನ್ನು ಕೇಳಿ ತಿಳಿದುಕೊಳ್ಳಿ.

ವೈದ್ಯರು ದಂತವೈದ್ಯರಿಗೆ ಬರೆಯುವಾಗ

ಈ ದಿಕ್ಕಿನ ಪತ್ರಗಳು ಇನ್ನೂ ಬಡವಾಗಿರುತ್ತವೆ. "ದಂತ ತಪಾಸಣೆ ಆಗಲಿ" ಎಂದರೆ ಏಕೆಂದು ತಿಳಿಯಬೇಡವೇ? ಶುಗರ್ ಹತೋಟಿಗೆ ಬರುತ್ತಿಲ್ಲವಾದ್ದರಿಂದ ಒಸಡಿನ ಸೋಂಕಿದೆಯೇ ನೋಡಿ ಎಂಬುದು ಒಂದು ಪ್ರಶ್ನೆ. ಅದಕ್ಕೆ ಇತ್ತೀಚಿನ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಶುಗರ್ ಸರಾಸರಿಯ ಸಂಖ್ಯೆ ಬೇಕು. ಕವಾಟದ ಶಸ್ತ್ರಚಿಕಿತ್ಸೆಗೆ ಮೊದಲು ಬಾಯಿಯಲ್ಲಿ ಸೋಂಕಿನ ಮೂಲಗಳಿಲ್ಲವೆಂದು ಖಚಿತಪಡಿಸಿ ಎಂಬುದು ಇನ್ನೊಂದು. ಮೂಳೆಯ ಔಷಧಿ ಶುರುಮಾಡುವ ಮೊದಲು, ಮುಂದೆ ಕೀಳಬೇಕಾಗಬಹುದಾದ ಹಲ್ಲುಗಳನ್ನು ಈಗಲೇ ತೀರ್ಮಾನಿಸಿ ಎಂಬುದು ಮತ್ತೊಂದು, ಏಕೆಂದರೆ ಆಮೇಲೆ ಕಿತ್ತರೆ ದವಡೆಯ ಮೂಳೆ ವಾಸಿಯಾಗದೆ ಕೊಳೆಯುವ ಅಪಾಯವಿದೆ.

ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಿನಾಂಕ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಯಾವ ದಿನ ಶುರುವಾಗುತ್ತದೆ ಎಂಬುದು ಪತ್ರದಲ್ಲಿದ್ದರೆ, ಕೀಳಬೇಕಾದ ಹಲ್ಲನ್ನು ಎರಡು ವಾರವಾದರೂ ಮೊದಲೇ ಕಿತ್ತು ಗಾಯ ಮಾಗಲು ಬಿಡಬಹುದು. ದಿನಾಂಕವಿಲ್ಲದ ಪತ್ರ ಹಿಡಿದು ಬಂದ ರೋಗಿಗೆ ನಾನು ನಿಧಾನವಾಗಿ ಒಂದೊಂದೇ ಹಲ್ಲು ತುಂಬಲು ಹೊರಟಿದ್ದೆ. ಮೂರನೆಯ ಭೇಟಿಗೆ ಅವರು ಬರಲಿಲ್ಲ. ಅಷ್ಟರಲ್ಲಿ ವಿಕಿರಣ ಶುರುವಾಗಿತ್ತು, ಕೀಳಬೇಕಿದ್ದ ಎರಡು ಹಲ್ಲು ಬಾಯಲ್ಲೇ ಉಳಿದಿದ್ದವು.

ವಾಸಿಯಾಗದ ಹುಣ್ಣಿನ ಪತ್ರ

ಎಲೆ-ಅಡಿಕೆ, ಕಡ್ಡಿಪುಡಿ ಹಾಕುವ ಸೀಮೆ ನಮ್ಮದು. ಬಾಯಿಯ ಹುಣ್ಣು ಎರಡು-ಮೂರು ವಾರ ಕಳೆದರೂ ಮಾಯದಿದ್ದರೆ ಮತ್ತೊಂದು ಮುಲಾಮು ಬರೆಯದೆ ಪತ್ರ ಬರೆಯಬೇಕು. ಹುಣ್ಣು ಇರುವ ನಿಖರ ಜಾಗ, ಮಿಲಿಮೀಟರಿನಲ್ಲಿ ಅಳತೆ, ಅಂಚು ಮುಟ್ಟಿದರೆ ಗಟ್ಟಿಯಾಗಿದೆಯೇ, ರಕ್ತ ಬರುತ್ತದೆಯೇ, ಕತ್ತಿನಲ್ಲಿ ಗಂಟು ಸಿಗುತ್ತದೆಯೇ, ಸಿಕ್ಕರೆ ಯಾವ ಕಡೆ, ಅಲುಗಾಡುತ್ತದೆಯೇ ಎಂಬುದೆಲ್ಲ ಇರಲಿ. ಚಟದ ವಿಷಯದಲ್ಲಿ "ಇದೆ" ಎಂದು ಬರೆದು ಸುಮ್ಮನಾಗಬೇಡಿ. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಬರೆಯಿರಿ. ಕೊನೆಯ ಪ್ರಶ್ನೆ ಕೇಳಿದರೆ ಹೆಚ್ಚಿನವರು ಬೆರಳನ್ನು ನೇರವಾಗಿ ಹುಣ್ಣಿನ ಮೇಲೇ ಇಡುತ್ತಾರೆ. ಅಡಿಕೆಯಿಂದ ಬಾಯಿ ಬಿಗಿದುಕೊಂಡಿದ್ದರೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದು ಬರೆಯಿರಿ. ಇಂದಿನ 22 ಮಿಲಿಮೀಟರ್ ಆರು ತಿಂಗಳ ನಂತರ 17 ಆದಾಗ ಆ ಅಂಕಿಯ ಬೆಲೆ ತಿಳಿಯುತ್ತದೆ.

ಹುಣ್ಣಿಗೆ ತಾಗುವ ಚೂಪಾದ ಹಲ್ಲನ್ನು ನೀವು ಉಜ್ಜಿ ನಯ ಮಾಡಿದ್ದರೆ ಯಾವ ದಿನ ಎಂಬುದನ್ನೂ, ಬಯಾಪ್ಸಿ ತೆಗೆದಿದ್ದರೆ ಯಾವ ಜಾಗದಿಂದ ಎಂಬುದನ್ನೂ ತಿಳಿಸಿ. ಇನ್ನೊಂದು ಸಾಲು ಅತ್ಯಗತ್ಯ: ಕ್ಯಾನ್ಸರ್ ಶಂಕೆ ಇದೆ ಎಂದು ರೋಗಿಗೆ ಹೇಳಿದ್ದೀರೋ ಇಲ್ಲವೋ. ಮನೆಯವರಿಗೆ ಮಾತ್ರ ಹೇಳಿದ್ದರೆ ಅದನ್ನು ಬರೆಯಿರಿ. ಮೈಸೂರಿನ ಕಾರಿಡಾರಿನಲ್ಲಿ ಅಪರಿಚಿತರ ಬಾಯಿಂದ ಆ ಪದವನ್ನು ಮೊದಲ ಸಲ ಕೇಳಿದವರ ಮುಖ ನೋಡಿದವರಿಗೆ ಈ ಸಾಲಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಗಂಟೆಗಳ ಲೆಕ್ಕದ ಪತ್ರ

ತುರ್ತಿನಲ್ಲಿ ಫೋನು ಮೊದಲು, ಪತ್ರ ಆಮೇಲೆ, ಮತ್ತು ಪತ್ರದ ಪ್ರತಿ ಸಾಲಿನಲ್ಲೂ ಗಡಿಯಾರ. ಎದೆನೋವಿನ ರೋಗಿಯಾದರೆ ನೋವು ಶುರುವಾದ ಹೊತ್ತು, ಇಸಿಜಿ ತೆಗೆದ ಹೊತ್ತು, ಕೊಟ್ಟ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಪ್ರಮಾಣ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಹೆಸರು ಮತ್ತು ಹೊತ್ತು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದವರಾದರೆ ಕಚ್ಚಿದ ಹೊತ್ತು, 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಫಲ, ಪ್ರತಿವಿಷದ ಎಷ್ಟು ವಯಲ್‌ಗಳನ್ನು ಎಷ್ಟು ಹೊತ್ತಿಗೆ ಕೊಟ್ಟಿರಿ, ಅದರಿಂದ ಪ್ರತಿಕ್ರಿಯೆ ಆಯಿತೇ, ಕಣ್ಣಿನ ರೆಪ್ಪೆ ಜೋಲುತ್ತಿದೆಯೇ. ಬಸುರಿಗೆ ಫಿಟ್ಸ್ ಬಂದಿದ್ದರೆ ಮೆಗ್ನೀಷಿಯಂ ಸಲ್ಫೇಟ್ ಎಷ್ಟು ಗ್ರಾಂ, ರಕ್ತನಾಳಕ್ಕೆ ಎಷ್ಟು, ಸ್ನಾಯುವಿಗೆ ಎಷ್ಟು, ಯಾವಾಗ; ಜೊತೆಗೆ ತಾಯಿ ಕಾರ್ಡ್. ಇವಿಲ್ಲದಿದ್ದರೆ ಅಲ್ಲಿಯವರು ಎರಡನೆಯ ಡೋಸ್ ಕೊಡಲೂ ಹೆದರುತ್ತಾರೆ, ಕೊಡದಿರಲೂ ಹೆದರುತ್ತಾರೆ.

ದಂತವೈದ್ಯರ ಪಾಲಿಗೆ ಇಂಥ ತುರ್ತು ಎಂದರೆ ಹಲ್ಲಿನ ಕೀವು ಗದ್ದದ ಕೆಳಗೆ ಎರಡೂ ಕಡೆ ಹರಡಿ, ನಾಲಿಗೆ ಮೇಲೆದ್ದು, ಎಂಜಲು ನುಂಗಲಾಗದೆ, ದನಿ ಬದಲಾದ ರೋಗಿ. ಅವರ ಉಸಿರಿನ ದಾರಿ ಯಾವ ಗಳಿಗೆಯಲ್ಲಾದರೂ ಮುಚ್ಚಬಹುದು. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿ ಕಳುಹಿಸಕೂಡದು. 108ಕ್ಕೆ ಕರೆ ಮಾಡಿ, ಅರಿವಳಿಕೆ ತಜ್ಞರು ಸಿದ್ಧವಿರುವಂತೆ ಆಸ್ಪತ್ರೆಗೆ ಫೋನಿನಲ್ಲಿ ತಿಳಿಸಿ, ಬಂದ ಹೊತ್ತಿನ ಉಸಿರಾಟ, ಆಮ್ಲಜನಕದ ಪ್ರಮಾಣ, ಕೊಟ್ಟ ಆಂಟಿಬಯೋಟಿಕ್ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಜೊತೆಗೆ ಬರುವವರ ಕೈಗೆ ಕೊಡಿ. ಚೆಂದದ ಅಕ್ಷರಕ್ಕೆ ಇಲ್ಲಿ ಪುರುಸೊತ್ತಿಲ್ಲ, ಆದರೆ ಅಂಕಿ ಮಾತ್ರ ಓದುವಂತಿರಬೇಕು. ಇನ್ಸುಲಿನ್ ಪ್ರಮಾಣದ ಮುಂದೆ "ಯು" ಎಂದು ಇಂಗ್ಲಿಷಿನ ಒಂದೇ ಅಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗಬಲ್ಲದು. ಪದವನ್ನು ಪೂರ್ತಿ ಬರೆಯಿರಿ.

ಕಾನೂನು ಮತ್ತು ಮರ್ಯಾದೆ

ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಲ್ಯಾಬಿನವರು ಅಚ್ಚು ಹಾಕಿಸಿಕೊಟ್ಟ, ಅವರದೇ ಹೆಸರಿರುವ ರೆಫರಲ್ ಪ್ಯಾಡು ಮೇಜಿನ ಮೇಲಿರಬಾರದೆಂಬುದು ನನ್ನ ಅಭಿಪ್ರಾಯ. ಅದೇ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕೆನ್ನುತ್ತದೆ. ರೆಫರಲ್ ಪತ್ರದ ಪ್ರತಿಗೂ ಅದೇ ಅವಧಿಯನ್ನು ಅನ್ವಯಿಸಿಕೊಳ್ಳುವುದು ಕ್ಷೇಮ. ಗರ್ಭಿಣಿಯರ ಸ್ಕ್ಯಾನಿಂಗಿಗೆ ಕಳುಹಿಸುವಾಗ ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾಯ್ದೆಯಡಿ ಕಳುಹಿಸಿದವರ ಹೆಸರು ಮತ್ತು ಕಾರಣ ದಾಖಲಾಗುವುದರಿಂದ, ಕಾರಣವನ್ನು ಬರೆಯದ ಚೀಟಿ ಇಬ್ಬರಿಗೂ ತೊಂದರೆ ತರುತ್ತದೆ.

ಎಚ್‌ಐವಿ ಇರುವವರ ವಿಷಯದಲ್ಲಿ 2017ರ ಕಾಯ್ದೆ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ಚಿಕಿತ್ಸೆಗೆ ಅಗತ್ಯವಿದ್ದರೆ ಚಿಕಿತ್ಸೆ ಮಾಡುವ ವೈದ್ಯರಿಗೆ ತಿಳಿಸಬಹುದು, ಆದರೆ ಅದು ಅಂಟಿಸಿದ ಲಕೋಟೆಯ ಒಳಗಿನ ಮಾತಾಗಿರಬೇಕು. ಲಕೋಟೆಯ ಮೇಲೆ ಕೆಂಪು ಶಾಯಿಯ ಗುರುತು ಹಾಕಕೂಡದು. ಪತ್ರದ ಫೋಟೊ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕುವ ಅಭ್ಯಾಸವೂ ಬೇಡ, ಕಳುಹಿಸಲೇಬೇಕಾದರೆ ಆ ಒಬ್ಬ ವೈದ್ಯರಿಗೆ ಕಳುಹಿಸಿ.

ರೋಗಿಗೊಂದು ಬೇರೆ ಚೀಟಿ

ವೈದ್ಯರ ನಡುವಿನ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಇರಲಿ. ಆದರೆ ಅದನ್ನು ಹೊತ್ತೊಯ್ಯುವವರಿಗೆ ಕನ್ನಡದಲ್ಲಿ ಅರ್ಧ ಹಾಳೆ ಕೊಡುವ ಅಭ್ಯಾಸ ಮಾಡಿಕೊಂಡ ಮೇಲೆ ನನ್ನ ರೋಗಿಗಳು ದಾರಿ ತಪ್ಪುವುದು ಬಹಳ ಕಡಿಮೆಯಾಗಿದೆ. ಅದರಲ್ಲಿ ಇರುವುದಿಷ್ಟೇ: "ಗುರುವಾರ ಬೆಳಿಗ್ಗೆ 9 ಗಂಟೆಯೊಳಗೆ ಹೋಗಿ. ಮೊದಲು ಓಪಿಡಿ ಚೀಟಿ ಮಾಡಿಸಿ, ಆಮೇಲೆ ಹೃದಯ ವಿಭಾಗ ಎಲ್ಲಿ ಎಂದು ಕೇಳಿ. ತಿಂಡಿ ತಿಂದೇ ಹೋಗಿ. ರಕ್ತದ ಮಾತ್ರೆಯನ್ನು ನಿಲ್ಲಿಸಬೇಡಿ. ಮಾತ್ರೆಗಳನ್ನೂ ಹಳೆಯ ಚೀಟಿಗಳನ್ನೂ ಜೊತೆಗೆ ಒಯ್ಯಿರಿ. ವಾಪಸ್ಸು ಬಂದ ಮೇಲೆ ಈ ಕವರನ್ನು ನನಗೆ ತಂದುಕೊಡಿ." ಓದಲು ಬಾರದವರಿಗೆ ಮಗನಿಗೋ ಸೊಸೆಗೋ ಫೋನು ಹಚ್ಚಿ ಓದಿ ಹೇಳಿ.

ಉತ್ತರ ತರಿಸಿಕೊಳ್ಳುವುದು

ಕಳುಹಿಸಿದ ಮೇಲೆ ಉತ್ತರವೇ ಬರುವುದಿಲ್ಲ ಎಂಬುದು ಎಲ್ಲರ ದೂರು. ಓದುವ ಕಡೆ ಕೂತಿದ್ದಾಗ ನಾನೂ ಎಷ್ಟೋ ಪತ್ರಗಳಿಗೆ ಉತ್ತರ ಬರೆಯಲಿಲ್ಲ, ಏಕೆಂದರೆ ಉತ್ತರಕ್ಕೆ ಬೇರೆ ಹಾಳೆ ಹುಡುಕಬೇಕಿತ್ತು. ಆದ್ದರಿಂದ ಪತ್ರದ ಕೆಳಗಿನ ಮೂರನೆಯ ಒಂದು ಭಾಗವನ್ನು ಗೆರೆ ಎಳೆದು ಖಾಲಿ ಬಿಟ್ಟು, "ತಮ್ಮ ಉತ್ತರ" ಎಂದು ಬರೆದು, ನಿಮ್ಮ ಪ್ರಶ್ನೆಯನ್ನೇ ಅಲ್ಲಿ ಮತ್ತೆ ಬರೆಯಿರಿ: "ಮಾತ್ರೆ ಮುಂದುವರಿಸಬಹುದು: ಹೌದು / ಇಲ್ಲ. ಕ್ಲಿನಿಕ್ಕಿನಲ್ಲಿ / ಆಸ್ಪತ್ರೆಯಲ್ಲಿ. ಬೇರೆ ಸೂಚನೆ:" ಎಂದು. ಟಿಕ್ ಹಾಕಲು ಯಾರಿಗೂ ಬೇಸರವಿರುವುದಿಲ್ಲ.

ಕ್ಲಿನಿಕ್ಕಿನಲ್ಲಿ ಒಂದು ನೋಟುಪುಸ್ತಕವಿಡಿ. ಕಳುಹಿಸಿದ ದಿನಾಂಕ, ಹೆಸರು, ಎಲ್ಲಿಗೆ, ಏಕೆ, ಉತ್ತರ ಬಂದ ದಿನಾಂಕ ಎಂದು ಐದು ಅಂಕಣ. ನಮ್ಮ ಕ್ಲಿನಿಕ್ಕಿನ ಸಹಾಯಕಿ ಶನಿವಾರ ಸಂಜೆ ಕೊನೆಯ ಅಂಕಣ ಖಾಲಿಯಿರುವ ಹೆಸರುಗಳಿಗೆಲ್ಲ ಫೋನು ಮಾಡುತ್ತಾರೆ. ಮೇಲೆ ಹೇಳಿದ ಕವಾಟದ ರೋಗಿಯ ಪತ್ರ 6ನೆಯ ದಿನ ಅದೇ ಪ್ಲಾಸ್ಟಿಕ್ ಕವರಿನಲ್ಲಿ ವಾಪಸ್ಸು ಬಂತು. ಮಾತ್ರೆ ಮುಂದುವರಿಸಲು ಟಿಕ್ ಬಿದ್ದಿತ್ತು, "ಆಸ್ಪತ್ರೆಯಲ್ಲಿ" ಎಂಬುದಕ್ಕೆ ಸುತ್ತು ಹಾಕಿದ್ದರು, ಅದರ ಕೆಳಗೆ ಒಂದೇ ಸಾಲು: "ಹೃದಯದ ಶಕ್ತಿ ಕಡಿಮೆ ಇದೆ, ಮಂಗಳವಾರ ಕಳುಹಿಸಿ, ಇಲ್ಲಿಯೇ ಕೀಳಿಸೋಣ."